ನಡುಗಡ್ಡೆಯ ಪ್ರಿನ್ಸಿಪಾಲ

ಬ್ರಿಟಿಷ್ ಸಾಮ್ರಾಜ್ಯ ಗಂಟುಮೂಟೆ ಕಟ್ಟುವ ಹೊತ್ತಿಗೆ ತನ್ನ ವಸಾಹತುಗಳಿಗೆ ಒಂದು ಹೊಸ ಬಗೆಯ ಮನುಷ್ಯರನ್ನು ಕಳಿಸಿತು. ಇವರ ಕೈಯಲ್ಲಿ ಬಂದೂಕು ಇರಲಿಲ್ಲ, ಬೈಬಲ್ಲೂ ಇರಲಿಲ್ಲ. ಕಂಕುಳಲ್ಲಿ ವಿಶ್ವವಿದ್ಯಾನಿಲಯದ ನಕ್ಷೆ ಇತ್ತು. ನೈಜೀರಿಯದ ಇಬಾದಾನ್, ಘಾನಾ ಆಗುವ ಮೊದಲಿನ ಗೋಲ್ಡ್ ಕೋಸ್ಟ್, ಉಗಾಂಡದ ಮಕೆರೆರೆ, ಮಲಯ, ವೆಸ್ಟ್ ಇಂಡೀಸ್, ರೊಡೇಷಿಯ, ಹೀಗೆ ಒಂದೊಂದು ಕಡೆ ಒಬ್ಬೊಬ್ಬ ಇಂಗ್ಲಿಷ್ ಪ್ರಿನ್ಸಿಪಾಲ ಹೋಗಿ ಕುಳಿತ. ಇಂಥವರ ವಿಷಯ ಬಂದಾಗೆಲ್ಲ ಬಳಸುವ ಕ್ರಿಯಾಪದ ಒಂದೇ: ಕಟ್ಟಿದರು. ಅವರು ಸಂಸ್ಥೆ ಕಟ್ಟಿದರು, ಪರಂಪರೆ ಕಟ್ಟಿದರು, ದೇಶಕ್ಕೆ ಬುದ್ಧಿವಂತರ ಪಡೆ ಕಟ್ಟಿಕೊಟ್ಟರು.

ಈ ಕ್ರಿಯಾಪದವನ್ನು ನಾನು ಸುಮ್ಮನೆ ನಂಬಲಾರೆ. ನಿಜವಾಗಿ ಕಟ್ಟಿದವರ ಹೆಸರು ಶಂಕುಸ್ಥಾಪನೆಯ ಕಲ್ಲಿನ ಮೇಲೆ ಇರೋದಿಲ್ಲ ಅನ್ನೋದು ನಮ್ಮ ಕೇರಿಯ ಮಕ್ಕಳಿಗೂ ಗೊತ್ತು. ಅದು ಬಿಡಿ. ನನ್ನ ಪ್ರಶ್ನೆ ಬೇರೆ. ಒಂದು ವಿಶ್ವವಿದ್ಯಾನಿಲಯವನ್ನು ನಡೆಸಿದ ಮನುಷ್ಯನನ್ನು ಅಳೆಯುವ ಕೋಲು ಯಾವುದು? ಎಷ್ಟು ಕಟ್ಟಡ ಎದ್ದವು, ಎಷ್ಟು ಜನ ಪಾಸಾದರು ಅನ್ನೋದೋ, ಇಲ್ಲ ಪೊಲೀಸ್ ವ್ಯಾನು ಕಾಲೇಜಿನ ಒಳಕ್ಕೆ ಬಂದ ದಿನ ಆತ ಯಾವ ಕಡೆ ನಿಂತಿದ್ದ ಅನ್ನೋದೋ?

ಈ ಪ್ರಶ್ನೆಯನ್ನು ಇಟ್ಟುಕೊಂಡು ನಾನು ಒಬ್ಬನನ್ನು ಆರಿಸಿಕೊಂಡಿದ್ದೇನೆ. ಹೆಸರು ವಾಲ್ಟರ್ ಆಡಮ್ಸ್. ಹುಟ್ಟಿದ್ದು 1906, ಸತ್ತದ್ದು 1975. ಇತಿಹಾಸದ ಮೇಷ್ಟ್ರು. 1955ರಿಂದ 1967ರವರೆಗೆ ರೊಡೇಷಿಯದ ಸಾಲಿಸ್‌ಬರಿಯಲ್ಲಿ, ಅಂದರೆ ಈಗಿನ ಜಿಂಬಾಬ್ವೆಯ ಹರಾರೆಯಲ್ಲಿ, ಯೂನಿವರ್ಸಿಟಿ ಕಾಲೇಜಿನ ಪ್ರಿನ್ಸಿಪಾಲ. ಆಮೇಲೆ 1974ರವರೆಗೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನ ಡೈರೆಕ್ಟರ್. ಲಂಡನ್ನಿನ ಆ ಶಾಲೆ ನಮಗೆ ಅಪರಿಚಿತವೇನಲ್ಲ. ಬಾಬಾಸಾಹೇಬರು 1916ರಲ್ಲಿ ಸೇರಿ, ದುಡ್ಡಿಲ್ಲದೆ ಅರ್ಧಕ್ಕೇ ಬಿಟ್ಟು ಬಂದು, 1920ರಲ್ಲಿ ಮತ್ತೆ ಹೋಗಿ, 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲಿನ ಪ್ರಬಂಧಕ್ಕೆ ಡಿ.ಎಸ್‌ಸಿ. ಪಡೆದ ಜಾಗ ಅದು. ಆದ್ದರಿಂದ ಅಲ್ಲಿನ ಕುರ್ಚಿಯ ಮೇಲೆ ಯಾರು ಕುಳಿತರು, ಎಲ್ಲಿಂದ ಬಂದು ಕುಳಿತರು ಅಂತ ಕೇಳುವ ಹಕ್ಕು ನಮಗೂ ಇದೆ.

ಮೊದಲು ಆಡಮ್ಸ್‌ನ ಒಳ್ಳೇದನ್ನು ಹೇಳಿಬಿಡಬೇಕು. ಹೇಳದೆ ಹೋದರೆ ವಿಮರ್ಶೆ ಬೈಗುಳವಾಗುತ್ತದೆ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಕೂಡಲೇ ಜರ್ಮನಿಯ ವಿಶ್ವವಿದ್ಯಾನಿಲಯಗಳಿಂದ ಯಹೂದಿ ಅಧ್ಯಾಪಕರನ್ನೂ ಸರ್ಕಾರಕ್ಕೆ ಬೇಡವಾದವರನ್ನೂ ಓಡಿಸತೊಡಗಿದರು. ಆಗ ಲಂಡನ್ ಸ್ಕೂಲಿನ ಡೈರೆಕ್ಟರ್ ಆಗಿದ್ದ ವಿಲಿಯಂ ಬೆವರಿಜ್ ಮುಂದೆ ನಿಂತು ಅಕಾಡೆಮಿಕ್ ಅಸಿಸ್ಟೆನ್ಸ್ ಕೌನ್ಸಿಲ್ ಎಂಬ ಸಂಸ್ಥೆ ಹುಟ್ಟುಹಾಕಿದರು. ವಿಜ್ಞಾನಿ ರುದರ್‌ಫರ್ಡ್ ಅದರ ಅಧ್ಯಕ್ಷರು. ಅದರ ಕಾರ್ಯದರ್ಶಿಯಾಗಿ ದಿನನಿತ್ಯದ ದುಡಿಮೆ ಹೊತ್ತವನು ಈ ಆಡಮ್ಸ್. ಆಗ ಅವನಿಗೆ ಇಪ್ಪತ್ತಾರು ವರ್ಷ. ನಮ್ಮದೇ ವಯಸ್ಸು. ಊರುಬಿಟ್ಟು ಬಂದವರಿಗೆ ಕೆಲಸ ಹುಡುಕಿಕೊಡುವುದು, ಕಾಗದ ಬರೆಯುವುದು, ಚಂದಾ ಎತ್ತುವುದು. ಆ ವರ್ಷದ ಅಕ್ಟೋಬರ್‌ನಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನ ಸಭೆಯಲ್ಲಿ ಐನ್‌ಸ್ಟೈನ್ ಮಾತಾಡಿದ್ದು ಇದೇ ನಿರಾಶ್ರಿತರ ನೆರವಿಗೆ. ಹಾಗೆ ಜರ್ಮನಿಯಿಂದ ಬೇರು ಕಿತ್ತುಕೊಂಡು ಬಂದವರಲ್ಲಿ ಮ್ಯಾಕ್ಸ್ ಬಾರ್ನ್ ಒಬ್ಬರು. ಅವರು 1935-36ರಲ್ಲಿ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಿ.ವಿ. ರಾಮನ್ ಜೊತೆ ಕೆಲವು ತಿಂಗಳು ಇದ್ದರು. ಇದು ಸಣ್ಣ ಕೆಲಸ ಅಲ್ಲ. ಎಷ್ಟೋ ಜೀವ ಉಳಿಸಿದ ಕೆಲಸ.

ಆದರೆ ಇದನ್ನು ಗಮನಿಸಿ. ಅಲ್ಲಿ ಅನ್ಯಾಯ ಮಾಡಿದವರು ಜರ್ಮನರು, ಅನ್ಯಾಯಕ್ಕೆ ಒಳಗಾದವರು ಪ್ರೊಫೆಸರುಗಳು. ಕೊಡಬೇಕಾಗಿದ್ದು ಆಶ್ರಯ. ಆಶ್ರಯ ಕೊಡುವವನು ತನ್ನ ಮನೆಯ ಪಾಯ ಕೀಳಬೇಕಾಗಿಲ್ಲ. ಬಾಗಿಲು ತೆರೆದರೆ ಸಾಕು. ಮೂವತ್ತು ವರ್ಷದ ನಂತರ ಇದೇ ಮನುಷ್ಯನ ಮುಂದೆ ಬಂದ ಅನ್ಯಾಯ ಬೇರೆ ಥರದ್ದು. ಮಾಡಿದವರು ಅವನ ಭಾಷೆ ಆಡುವ ಬಿಳಿಯರು. ಅವನು ಕುಳಿತಿದ್ದು ಅವರು ಕಿತ್ತುಕೊಂಡ ನೆಲದ ಮೇಲೆ.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನಿನಲ್ಲಿ ಆಸ್ಕ್ವಿತ್ ಆಯೋಗ ಕೂತಿತು. ವಸಾಹತುಗಳಲ್ಲಿ ಕಾಲೇಜು ತೆರೆಯಬೇಕು, ಅವು ಸ್ವಂತ ಕಾಲಿನ ಮೇಲೆ ನಿಲ್ಲುವವರೆಗೆ ಲಂಡನ್ ವಿಶ್ವವಿದ್ಯಾನಿಲಯದ ಪದವಿ ಕೊಡಬೇಕು ಅಂತ ಅದು 1945ರಲ್ಲಿ ಹೇಳಿತು. ಈ ಕೆಲಸಕ್ಕಾಗಿ 1946ರಲ್ಲಿ ಹುಟ್ಟಿದ ಅಂತರ ವಿಶ್ವವಿದ್ಯಾನಿಲಯ ಮಂಡಳಿಗೆ ಆಡಮ್ಸ್ ಕಾರ್ಯದರ್ಶಿಯಾದ. ಒಂಬತ್ತು ವರ್ಷ ಲಂಡನ್ನಿನ ಆಫೀಸಿನಲ್ಲಿ ಕೂತು ಆಫ್ರಿಕದ ಕಾಲೇಜುಗಳಿಗೆ ನಿಯಮ ಬರೆದವರಲ್ಲಿ ಅವನೊಬ್ಬ. ಆಮೇಲೆ ತಾನೇ ಒಂದಕ್ಕೆ ಮುಖ್ಯಸ್ಥನಾಗಿ ಹೋದ.

ಹೋದ ಜಾಗ ಎಂಥದ್ದು? 1890ರಲ್ಲಿ ಸಿಸಿಲ್ ರೋಡ್ಸ್‌ನ ಕಂಪನಿ ಆಕ್ರಮಿಸಿದ ನೆಲ. 1896-97ರಲ್ಲಿ ಅಲ್ಲಿನ ಜನ ದಂಗೆ ಎದ್ದರು, ಅವರನ್ನು ತುಳಿದು ಹಾಕಿದರು. 1930ರ ಭೂಹಂಚಿಕೆ ಕಾನೂನು ಇಡೀ ದೇಶವನ್ನು ಬಣ್ಣದ ಮೇಲೆ ಪಾಲು ಮಾಡಿತು. ಒಳ್ಳೆ ನೆಲ, ರೈಲುದಾರಿ, ಪಟ್ಟಣ ಬಿಳಿಯರಿಗೆ. ಕಲ್ಲುಮರಳು ಬಹುಪಾಲು ಕಪ್ಪುಜನಕ್ಕೆ. ಜನಸಂಖ್ಯೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಇದ್ದವರು ಪಟ್ಟಣದಲ್ಲಿ ಕೂಲಿಗೆ ಬರಬೇಕು, ಕತ್ತಲಾದರೆ ತಮಗೆ ಗೊತ್ತುಮಾಡಿದ ಕಡೆಗೆ ಸರಿಯಬೇಕು. ನಮಗೆ ಈ ವ್ಯವಸ್ಥೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಊರು ಮತ್ತು ಹೊರಗೇರಿ.

ಕಾಲೇಜು ಎದ್ದಿದ್ದು ಮೌಂಟ್ ಪ್ಲೆಸೆಂಟ್ ಎಂಬ ಬಿಳಿಯರ ಬಡಾವಣೆಯಲ್ಲಿ. 1955ರಲ್ಲಿ ರಾಣಿಯ ಸನ್ನದು ಸಿಕ್ಕಿತು. 1957ರಲ್ಲಿ ಪಾಠ ಶುರುವಾಯಿತು. ಜನಾಂಗದ ಆಧಾರದ ಮೇಲೆ ಯಾರನ್ನೂ ಹೊರಗಿಡಬಾರದು ಅಂತ ಸನ್ನದಿನಲ್ಲೇ ಬರೆದಿತ್ತು. ಆ ದೇಶದಲ್ಲಿ, ಆ ಕಾಲದಲ್ಲಿ, ಇದು ದೊಡ್ಡ ಮಾತೇ. ಆದರೆ ಬಿಳಿಯರ ಬಡಾವಣೆಯಲ್ಲಿ ಕಪ್ಪು ಹುಡುಗ ರಾತ್ರಿ ಮಲಗಬೇಕಾದರೆ ಭೂಕಾನೂನು ಅಡ್ಡ ಬರುತ್ತಿತ್ತು. ಅದಕ್ಕೆ ಕಾನೂನಿನಲ್ಲಿ ವಿನಾಯಿತಿ ಮಾಡಿದರು. ಕಾನೂನು ಹಾಗೇ ಉಳಿಯಿತು, ಕಾಲೇಜಿನ ಕಾಂಪೌಂಡಿಗೆ ಮಾತ್ರ ಅದು ತಾಗದಂತಾಯಿತು.

ಇಲ್ಲಿಂದ ಹುಟ್ಟಿದ್ದು ಆ ಕಾಲೇಜಿನ ಬಗ್ಗೆ ಬಹಳ ಜನ ಹೆಮ್ಮೆಯಿಂದ ಆಡಿದ ಮಾತು: ವರ್ಣಭೇದದ ಸಮುದ್ರದ ನಡುವೆ ಒಂದು ನಡುಗಡ್ಡೆ. ಕವಿತೆ ಬರೆಯುವ ನನಗೆ ಈ ರೂಪಕದ ಬಗ್ಗೆ ತಕರಾರಿದೆ. ನಡುಗಡ್ಡೆ ಅಂದಾಗ ಸಮುದ್ರ ಪ್ರಕೃತಿಸಹಜ ಆಗಿಬಿಡುತ್ತದೆ. ಅದನ್ನು ಯಾರೂ ಮಾಡಿದ್ದಲ್ಲ, ಅದು ಇದ್ದೇ ಇದೆ, ಅದರ ಜೊತೆ ಜಗಳ ಆಡೋಕಾಗಲ್ಲ. ಆಗ ನಡುಗಡ್ಡೆಯ ಯಜಮಾನನ ಕೆಲಸ ನೀರು ಒಳಗೆ ಬಾರದಂತೆ ಒಡ್ಡು ಕಟ್ಟಿಕೊಳ್ಳುವುದಷ್ಟೆ. ರೊಡೇಷಿಯದ ವರ್ಣಭೇದ ಸಮುದ್ರವಾಗಿರಲಿಲ್ಲ. ಅದು ಸಹಿ ಹಾಕಿದ ಕಾಗದವಾಗಿತ್ತು. ಸಹಿ ಹಾಕಿದವರಿಗೆ ಹೆಸರುಗಳಿದ್ದವು, ಹೊಗೆಸೊಪ್ಪಿನ ತೋಟಗಳಿದ್ದವು.

ನಡುಗಡ್ಡೆಯ ಒಳಗಾದರೂ ಸಮಾನತೆ ಇತ್ತೋ? ಮೊದಲ ವರ್ಷಗಳಲ್ಲಿ ವಿದ್ಯಾರ್ಥಿಗಳ ವಾಸದ ಹಾಲುಗಳಲ್ಲೇ ಬಣ್ಣದ ವಿಂಗಡಣೆ ಇತ್ತು. ಅದು ಸಡಿಲವಾದದ್ದು ಮೆಲ್ಲಮೆಲ್ಲಗೆ. ಇನ್ನು ಪ್ರವೇಶ. ಲಂಡನ್ನಿನ ಮಟ್ಟಕ್ಕೆ ಸರಿಯಾಗಿ ಪಾಸು ಮಾಡಿ ಬಂದವರೆಲ್ಲರಿಗೂ ಬಾಗಿಲು ತೆರೆದಿದೆ ಅಂದರು. ಬಿಳಿಯ ಮಕ್ಕಳಿಗೆ ಶಾಲೆ ಕಡ್ಡಾಯ, ಕಪ್ಪು ಮಕ್ಕಳಿಗೆ ಅಲ್ಲ. ಕಪ್ಪು ಮಕ್ಕಳಿಗೆಂದು ಸರ್ಕಾರ ಗೋರೊಮೊಂಜಿಯಲ್ಲಿ ತನ್ನ ಮೊದಲ ಹೈಸ್ಕೂಲು ತೆರೆದದ್ದೇ 1946ರಲ್ಲಿ. ಹೀಗಿರುವಾಗ ಒಂದೇ ಮಟ್ಟ ಅನ್ನೋದರ ಅರ್ಥ ಏನು? ಸ್ಮಿತ್ ಸರ್ಕಾರದ ಕಾಲಕ್ಕೂ ಕಪ್ಪು ವಿದ್ಯಾರ್ಥಿಗಳು ಅಲ್ಲಿ ಅರ್ಧಕ್ಕಿಂತ ಕಡಿಮೆ ಇದ್ದರು, ಅದೂ ಅವರದ್ದೇ ದೇಶದಲ್ಲಿ. 'ಮೆರಿಟ್' ಅನ್ನೋ ಪದವನ್ನು ನಮ್ಮ ಮುಖಕ್ಕೆ ರಾಚುವವರಿಗೆ ಈ ಲೆಕ್ಕ ತೋರಿಸಬೇಕು. ನಮ್ಮ ಮನೆಗಳಲ್ಲಿ ಮೊದಲ ಡಿಗ್ರಿ ನಮ್ಮದೇ. ಸೀಟು ಸಿಕ್ಕಿದ್ದಕ್ಕೂ ಜಾಗ ಸಿಕ್ಕಿದ್ದಕ್ಕೂ ಇರೋ ಅಂತರ ನಮಗೆ ಪುಸ್ತಕ ಓದಿ ತಿಳಿಯಬೇಕಾಗಿಲ್ಲ.

ಆಡಮ್ಸ್ ಮುಂದೆ ಬೇರೆ ದಾರಿಯೇ ಇರಲಿಲ್ಲವೆ? ಇತ್ತು. ಅವನದೇ ಕಾಲೇಜಿನ ಇತಿಹಾಸದ ಮೇಷ್ಟ್ರು ಟೆರೆನ್ಸ್ ರೇಂಜರ್ ಅದನ್ನು ತೋರಿಸಿದ. ಅವನೂ ಇಂಗ್ಲಿಷಿನವನೇ, 1957ರಲ್ಲಿ ಅಲ್ಲಿಗೆ ಬಂದವನು. ಸಹೋದ್ಯೋಗಿ ಜಾನ್ ರೀಡ್ ಜೊತೆ 'ಡಿಸೆಂಟ್' ಅನ್ನೋ ಸಣ್ಣ ಪತ್ರಿಕೆ ನಡೆಸಿದ. ನಮ್ಮ ಪತ್ರಿಕೆಗಳ ಥರದ್ದೇ. 1961ರಲ್ಲಿ ವರ್ಣಭೇದದ ವಿರುದ್ಧ ನಾಗರಿಕರ ಸಂಘ ಕಟ್ಟಿಕೊಂಡು, ಕಪ್ಪು ಗೆಳೆಯರ ಜೊತೆ ಬಿಳಿಯರ ಹೋಟೆಲುಗಳಿಗೆ, ಬಿಳಿಯರ ಈಜುಕೊಳಕ್ಕೆ ಹೋದ. ಬಿಳಿಯರು ಅವನನ್ನು ಬಟ್ಟೆ ಸಮೇತ ಕೊಳಕ್ಕೆ ನೂಕಿದರು. ಮಹಾಡದ ಚವದಾರ್ ಕೆರೆಯ ನೀರು 1927ರಲ್ಲಿ ಹೇಳಿದ ಸಂಗತಿಯನ್ನೇ ಸಾಲಿಸ್‌ಬರಿಯ ಕೊಳದ ನೀರೂ ಹೇಳಿತು. 1963ರಲ್ಲಿ ಸರ್ಕಾರ ರೇಂಜರ್‌ನನ್ನು ಗಡಿಪಾರು ಮಾಡಿತು. ಅವನು ದಾರೆಸ್ಸಲಾಮಿಗೆ ಹೋದ. 1896-97ರ ಆ ದಂಗೆಯ ಮೇಲೆ 1967ರಲ್ಲಿ ದೊಡ್ಡ ಪುಸ್ತಕ ತಂದ. ಕಾಂಪೌಂಡಿನ ಒಳಗೆ ಪಾಠ ಮಾಡುತ್ತಲೇ ಕಾಂಪೌಂಡು ದಾಟಬಹುದು ಅನ್ನೋದಕ್ಕೆ ಅವನು ಸಾಕ್ಷಿ. ದಾಟಿದ್ದಕ್ಕೆ ಬೆಲೆಯನ್ನೂ ತೆತ್ತ.

1965ರ ನವೆಂಬರ್ 11ರಂದು ಇಯಾನ್ ಸ್ಮಿತ್ ಬಿಳಿಯರ ಸ್ವಾತಂತ್ರ್ಯ ಘೋಷಿಸಿಕೊಂಡ. ಕಪ್ಪುಜನಕ್ಕೆ ಅಧಿಕಾರ ಬಿಟ್ಟುಕೊಡಬಾರದು ಅಂತಲೇ ಘೋಷಿಸಿಕೊಂಡ ಸ್ವಾತಂತ್ರ್ಯ ಅದು. ಈಗ ನಡುಗಡ್ಡೆಯ ಪರೀಕ್ಷೆ ಬಂತು. 1966ರಲ್ಲಿ ವಿದ್ಯಾರ್ಥಿಗಳು ಪ್ರತಿಭಟಿಸಿದರು. ಪೊಲೀಸರು ಕ್ಯಾಂಪಸ್ಸಿನೊಳಕ್ಕೆ ಬಂದರು. ಜುಲೈನಲ್ಲಿ ಒಂಬತ್ತು ಜನ ಅಧ್ಯಾಪಕರನ್ನು ಹಿಡಿದು ಜೈಲಿಗೆ ಹಾಕಿ ದೇಶದಿಂದ ಹೊರಗಟ್ಟಿದರು. ಅವರಲ್ಲಿ ಮುಂದೆ ಬಂಡವಾಳಶಾಹಿಯ ಇತಿಹಾಸಕಾರನೆಂದು ಹೆಸರಾದ ಇಟಲಿಯ ಜೊವಾನ್ನಿ ಅರಿಘಿ ಒಬ್ಬ. ಅವನೂ ದಾರೆಸ್ಸಲಾಮಿಗೆ ಹೋದ. ವಿಪರ್ಯಾಸ ನೋಡಿ. 1933ರಲ್ಲಿ ಗಡಿಪಾರಾದ ಮೇಷ್ಟ್ರುಗಳಿಗೆ ಜಾಗ ಹುಡುಕಿದವನ ಕಾಲೇಜಿನಿಂದಲೇ 1966ರಲ್ಲಿ ಮೇಷ್ಟ್ರುಗಳು ಗಡಿಪಾರಾದರು. ಅವರಲ್ಲಿ ಅರಿಘಿಗೆ ಜಾಗ ಕೊಟ್ಟಿದ್ದು ನ್ಯೆರೆರೆಯ ತಾಂಜಾನಿಯ, ಆಗತಾನೆ ಸ್ವತಂತ್ರವಾದ ಕಪ್ಪುಜನರ ಬಡದೇಶ.

ಆಡಮ್ಸ್ ಸ್ಮಿತ್‌ನ ಮನುಷ್ಯನಾಗಿರಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಅವನು ವರ್ಣದ್ವೇಷಿಯೂ ಆಗಿರಲಿಲ್ಲ. ಹೇಗಾದರೂ ಕಾಲೇಜನ್ನು ಉಳಿಸಿಕೊಳ್ಳಬೇಕು, ಅದಕ್ಕಾಗಿ ರಾಜಕೀಯದಿಂದ ದೂರ ಇಡಬೇಕು ಅನ್ನೋದು ಅವನ ನಿಲುವು. ಇದಕ್ಕೆ ಬಲವಾದ ಸಮರ್ಥನೆಯೂ ಇದೆ. ಕಾಲೇಜು ಮುಚ್ಚಿದ್ದರೆ ನಷ್ಟ ಯಾರಿಗೆ? ಬಿಳಿಯ ಹುಡುಗ ದಕ್ಷಿಣ ಆಫ್ರಿಕಕ್ಕೋ ಇಂಗ್ಲೆಂಡಿಗೋ ಹೋಗಿ ಓದುತ್ತಿದ್ದ. ಕಪ್ಪು ಹುಡುಗಿಗೆ ಇದ್ದ ಆ ಒಂದು ಬೆಂಚೂ ಹೋಗುತ್ತಿತ್ತು. ಹಸಿದವರ ಮುಂದಿನ ಅರ್ಧ ರೊಟ್ಟಿಯನ್ನು ಸಿದ್ಧಾಂತದ ಹೆಸರಿನಲ್ಲಿ ಕಸಿಯಬಾರದು. ಈ ವಾದವನ್ನು ನಾನು ಹಗುರಾಗಿ ತಳ್ಳಿಹಾಕೋದಿಲ್ಲ. ಸರ್ಕಾರಿ ಹಾಸ್ಟೆಲ್ಲಿನ ನೀರುಸಾರು ಉಂಡು ಓದಿದವರು ಯಾರೂ ತಳ್ಳಿಹಾಕಲಾರರು.

ಆದರೆ ಪ್ರಶ್ನೆ ಇದ್ದದ್ದು ಮುಚ್ಚಬೇಕೋ ತೆರೆದಿಡಬೇಕೋ ಅನ್ನೋದಲ್ಲ. ತೆರೆದಿಟ್ಟುಕೊಂಡು ಏನು ಮಾತಾಡಬೇಕು ಅನ್ನೋದು. ತನ್ನ ಒಂಬತ್ತು ಮೇಷ್ಟ್ರುಗಳನ್ನು ಎಳೆದುಕೊಂಡು ಹೋದಾಗ ಒಬ್ಬ ಪ್ರಿನ್ಸಿಪಾಲನ ಬಾಯಿಂದ ಲೋಕಕ್ಕೆಲ್ಲ ಕೇಳುವಂತೆ ಒಂದು ಕೂಗು ಬರಬೇಕಾಗಿತ್ತು ಅಂತ ಲಂಡನ್ನಿನ ವಿದ್ಯಾರ್ಥಿಗಳು ಬಯಸಿದರೆ ಅದು ತಪ್ಪೇ? ಬೀದಿಯಲ್ಲಿ ಒಬ್ಬನನ್ನು ಹೊಡೆಯುವಾಗ ನಾನು ಯಾರ ಕಡೆಯೂ ಇಲ್ಲ ಅಂತ ಕಿಟಕಿ ಮುಚ್ಚಿಕೊಂಡವನು ಹೊಡೆಯುವವನಿಗೆ ಅನುಕೂಲ ಮಾಡಿಕೊಟ್ಟ ಹಾಗೆಯೇ. ಸಂಸ್ಥೆ ಉಳಿಯಲಿ ಅಂತ ಬಾಯಿ ಮುಚ್ಚಿಕೊಂಡರೆ ಕೊನೆಗೆ ಉಳಿಯೋದು ಸಂಸ್ಥೆಯ ಗೋಡೆ.

1966ರಲ್ಲೇ ಆಡಮ್ಸ್ ಲಂಡನ್ ಸ್ಕೂಲಿನ ಮುಂದಿನ ಡೈರೆಕ್ಟರ್ ಅಂತ ತೀರ್ಮಾನವಾಯಿತು. ಅಕ್ಟೋಬರ್‌ನಲ್ಲಿ ಅಲ್ಲಿನ ಸಮಾಜವಾದಿ ವಿದ್ಯಾರ್ಥಿಗಳು ಅವನ ರೊಡೇಷಿಯದ ದಿನಗಳ ಮೇಲೆ ಒಂದು ಕಿರುಹೊತ್ತಿಗೆ ತಂದರು. ವರ್ಣಭೇದದ ಸರ್ಕಾರದ ಎದುರು ಗಟ್ಟಿಯಾಗಿ ನಿಲ್ಲದವನು, ತನ್ನ ಅಧ್ಯಾಪಕ ವಿದ್ಯಾರ್ಥಿಗಳಿಂದ ದೂರ ಉಳಿದವನು, ಇಂಥವನು ನಮಗೆ ಬೇಡ ಅಂದರು. ವಿದ್ಯಾರ್ಥಿ ಸಂಘದ ಅಧ್ಯಕ್ಷ ಡೇವಿಡ್ ಆಡೆಲ್‌ಸ್ಟೈನ್ ಟೈಮ್ಸ್ ಪತ್ರಿಕೆಗೆ ಕಾಗದ ಬರೆದದ್ದಕ್ಕೇ ಅವನ ಮೇಲೆ ಶಿಸ್ತಿನ ವಿಚಾರಣೆ ನಡೆಯಿತು. 1967ರ ಜನವರಿ 31ರಂದು ನಡೆಯಬೇಕಿದ್ದ ಪ್ರತಿಭಟನಾ ಸಭೆಯನ್ನು ಆಗಿನ ಡೈರೆಕ್ಟರ್ ನಿಷೇಧಿಸಿದರು. ವಿದ್ಯಾರ್ಥಿಗಳು ಸಭಾಂಗಣಕ್ಕೆ ನುಗ್ಗಿದರು. ಆ ಗೊಂದಲದಲ್ಲಿ ಬಾಗಿಲು ಕಾಯುತ್ತಿದ್ದ ವಯಸ್ಸಾದ ನೌಕರನೊಬ್ಬ ಹೃದಯಾಘಾತದಿಂದ ಸತ್ತ. ಹೋರಾಟದ ಕತೆ ಹೇಳುವವರು ಈ ಸಾವನ್ನು ಅಂಚಿಗೆ ತಳ್ಳಬಾರದು. ಡೈರೆಕ್ಟರ್ ಮತ್ತು ವಿದ್ಯಾರ್ಥಿಗಳ ಜಗಳದ ನಡುವೆ ಬಾಗಿಲಲ್ಲಿ ನಿಂತಿದ್ದವನು ಕೂಲಿಯವನು. ಸತ್ತವನೂ ಅವನೇ. ಮಾರ್ಚಿಯಲ್ಲಿ ಆಡೆಲ್‌ಸ್ಟೈನ್‌ನನ್ನೂ ಅಮೆರಿಕದ ಮಾರ್ಷಲ್ ಬ್ಲೂಮ್‌ನನ್ನೂ ಅಮಾನತು ಮಾಡಿದರು. ವಿದ್ಯಾರ್ಥಿಗಳು ಒಂದು ವಾರಕ್ಕೂ ಹೆಚ್ಚು ಕಾಲ ಕಟ್ಟಡದಲ್ಲೇ ಧರಣಿ ಕೂತರು. ಬ್ರಿಟನ್ನಿನ ಆ ದಶಕದ ದೊಡ್ಡ ವಿದ್ಯಾರ್ಥಿ ಚಳವಳಿಗಳಿಗೆ ಇದು ಮೊದಲು. ಅದು ಹುಟ್ಟಿದ್ದು ಆಫ್ರಿಕದ ಒಂದು ಕಾಲೇಜಿನ ವಿಷಯಕ್ಕೆ ಅನ್ನೋದನ್ನು ಯುರೋಪಿನ ಕ್ರಾಂತಿಯ ಕತೆಗಾರರು ಎಷ್ಟೋ ಸಲ ಮರೆತುಬಿಡುತ್ತಾರೆ.

ಇದು ಒಬ್ಬ ಆಡಮ್ಸ್‌ನ ಕತೆ ಮಾತ್ರ ಅಲ್ಲ ಅನ್ನೋದಕ್ಕೆ ಲಂಡನ್ ಸ್ಕೂಲಿನ ಡೈರೆಕ್ಟರುಗಳ ಪಟ್ಟಿ ನೋಡಿದರೆ ಸಾಕು. 1937ರಿಂದ 1957ರವರೆಗೆ ಕಾರ್-ಸಾಂಡರ್ಸ್. ಆತ ಆಸ್ಕ್ವಿತ್ ಆಯೋಗದ ಸದಸ್ಯ, ಮಧ್ಯ ಆಫ್ರಿಕದ ಉನ್ನತ ಶಿಕ್ಷಣದ ಆಯೋಗಕ್ಕೆ ಅಧ್ಯಕ್ಷ. ಆಮೇಲೆ ಸಿಡ್ನಿ ಕೇನ್, ಸಭೆ ನಿಷೇಧಿಸಿದ ಡೈರೆಕ್ಟರ್ ಇವರೇ. ಅವರು ಬಂದದ್ದು ಮಲಯ ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದು. ಆಮೇಲೆ ರೊಡೇಷಿಯದಿಂದ ಆಡಮ್ಸ್. ಕಾರ್-ಸಾಂಡರ್ಸ್ ಹೆಸರಿನ ವಿದ್ಯಾರ್ಥಿನಿಲಯ ಲಂಡನ್ನಿನಲ್ಲೂ ಇತ್ತು, ಸಾಲಿಸ್‌ಬರಿಯಲ್ಲೂ ಇತ್ತು. ವಸಾಹತಿನ ಕಾಲೇಜು ಒಂದು ಕಡೆ, ತಾಯ್ನಾಡಿನ ಕಾಲೇಜು ಇನ್ನೊಂದು ಕಡೆ ಅನ್ನೋದು ಭ್ರಮೆ. ಒಂದೇ ಕೈ ಎರಡನ್ನೂ ನಡೆಸುತ್ತಿತ್ತು. ಅಲ್ಲಿ ಕಲಿತ ಆಡಳಿತ ಇಲ್ಲಿಗೆ ಬಂತು.

ಬಂದದ್ದು ಕಬ್ಬಿಣದ ರೂಪದಲ್ಲೇ. 1968ರ ಅಕ್ಟೋಬರ್‌ನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧದ ಮೆರವಣಿಗೆಯ ಹೊತ್ತಿಗೆ ವಿದ್ಯಾರ್ಥಿಗಳು ಕಟ್ಟಡದಲ್ಲಿ ಬೀಡುಬಿಟ್ಟಿದ್ದರು. ಅಂಥದ್ದು ಮತ್ತೆ ಆಗಬಾರದು ಅಂತ ಕಟ್ಟಡದ ಒಳಗೇ ಕಬ್ಬಿಣದ ಗೇಟುಗಳನ್ನು ಕೂರಿಸಿದರು. 1969ರ ಜನವರಿ 24ರಂದು ವಿದ್ಯಾರ್ಥಿಗಳು ಸುತ್ತಿಗೆ ಗುದ್ದಲಿ ತಂದು ಅವನ್ನು ಕಿತ್ತುಹಾಕಿದರು. ಪೊಲೀಸರು ಬಂದರು. ಸ್ಕೂಲನ್ನು ಮೂರು ವಾರಕ್ಕೂ ಮಿಕ್ಕಿ ಮುಚ್ಚಿದರು. ವಿದ್ಯಾರ್ಥಿಗಳ ಪರ ನಿಂತ ರಾಬಿನ್ ಬ್ಲ್ಯಾಕ್‌ಬರ್ನ್ ಮತ್ತು ನಿಕೊಲಸ್ ಬೇಟ್‌ಸನ್ ಎಂಬ ಇಬ್ಬರು ಅಧ್ಯಾಪಕರ ಕೆಲಸ ಹೋಯಿತು. ಸಾಲಿಸ್‌ಬರಿಯಲ್ಲಿ ಯಾವ ಕಾರಣಕ್ಕೂ ಕಾಲೇಜು ಮುಚ್ಚಬಾರದು ಅನ್ನೋದು ಆಡಮ್ಸ್‌ನ ನೀತಿಯಾಗಿತ್ತು. ಲಂಡನ್ನಿನಲ್ಲಿ ಅವನ ಆಡಳಿತ ಗೇಟು ಮುರಿದದ್ದಕ್ಕೆ ಸ್ಕೂಲು ಮುಚ್ಚಿತು. ಹಾಗಾದರೆ ಮುಚ್ಚುವುದು ತೆರೆಯುವುದು ತತ್ವದ ಮಾತಲ್ಲ. ಯಾವುದನ್ನು ಆಪತ್ತು ಅಂತ ಎಣಿಸಿದರು ಅನ್ನೋದರ ಮಾತು.

ಅಧಿಕಾರ ಕಪ್ಪುಜನರ ಕೈಗೆ ಬಂದ ಮೇಲೆ ಎಲ್ಲ ಸರಿಹೋಯಿತು ಅಂತ ಹೇಳಿದರೆ ನಾನು ಸುಳ್ಳುಗಾರನಾಗುತ್ತೇನೆ. 1980ರಲ್ಲಿ ಜಿಂಬಾಬ್ವೆ ಹುಟ್ಟಿತು. 1981ರಲ್ಲಿ ವಾಲ್ಟರ್ ಕಾಂಬಾ ಆ ವಿಶ್ವವಿದ್ಯಾನಿಲಯದ ಮೊದಲ ಕಪ್ಪು ಕುಲಪತಿಯಾದರು. 1989ರಲ್ಲಿ ಭ್ರಷ್ಟಾಚಾರದ ವಿರುದ್ಧ ವಿದ್ಯಾರ್ಥಿಗಳು ಎದ್ದಾಗ ಮುಗಾಬೆ ಸರ್ಕಾರ ಪೊಲೀಸರನ್ನು ಕಳಿಸಿತು, ವಿಶ್ವವಿದ್ಯಾನಿಲಯ ಮುಚ್ಚಿಸಿತು. 1990ರಲ್ಲಿ ತಿದ್ದುಪಡಿ ಕಾನೂನು ತಂದು ಅದನ್ನು ತನ್ನ ಮುಷ್ಟಿಗೆ ಎಳೆದುಕೊಂಡಿತು. ಸರ್ಕಾರದ ಈ ಕೈವಾಡವನ್ನು ಒಪ್ಪದೆ ಕಾಂಬಾ ಕುರ್ಚಿ ಬಿಟ್ಟು ನಡೆದರು. ಆಡಮ್ಸ್ ಕುರ್ಚಿಯಲ್ಲಿ ಕೂತು ಉಳಿಸಲು ನೋಡಿದ. ಕಾಂಬಾ ಎದ್ದು ಹೋಗಿ ಹೇಳಬೇಕಾದ್ದನ್ನು ಹೇಳಿದರು.

ನಡುಗಡ್ಡೆಯ ಬಗ್ಗೆ ಕೊನೆಯ ತೀರ್ಪು ಕೊಡಬೇಕಾದವರು ಅದರ ಮೇಲೆ ಓದಿದವರು. ಡಂಬುಡ್ಜೊ ಮಾರೆಚೆರಾ ಅಂತ ಒಬ್ಬ ಬರಹಗಾರ. 1952ರಲ್ಲಿ ರುಸಾಪೆಯ ಕಪ್ಪುಜನರ ಕೇರಿಯಲ್ಲಿ ಬಡತನದಲ್ಲಿ ಹುಟ್ಟಿದವನು. ಆಡಮ್ಸ್ ಬಿಟ್ಟುಹೋದ ಕಾಲೇಜಿಗೆ ಸೇರಿದ. 1973ರಲ್ಲಿ ಅಲ್ಲಿ ವರ್ಣಭೇದದ ವಿರುದ್ಧ ದೊಡ್ಡ ಗಲಭೆಯಾದಾಗ ಅವನನ್ನು ಹೊರಹಾಕಿದರು. ಆಕ್ಸ್‌ಫರ್ಡಿಗೆ ಹೋದ. ಅಲ್ಲಿಂದಲೂ ಹೊರಬಿದ್ದ. 1978ರಲ್ಲಿ ಅವನ 'ದಿ ಹೌಸ್ ಆಫ್ ಹಂಗರ್' ಬಂತು. ಹಸಿವಿನ ಮನೆ. ಗಾರ್ಡಿಯನ್ ಪತ್ರಿಕೆಯ ಬಹುಮಾನವೂ ಬಂತು. 1987ರಲ್ಲಿ ಮೂವತ್ತೈದಕ್ಕೇ ಹರಾರೆಯಲ್ಲಿ ತೀರಿಕೊಂಡ. ಹಿಂದೆ ಯಾರೂ ಓದದ ಮನೆಯಿಂದ ಬಂದವನಿಗೆ ಇಂಗ್ಲಿಷಿನ ಸಾಹಿತ್ಯವೆಲ್ಲ ಕೊಟ್ಟು, ಕೂರಲು ಮಾತ್ರ ಜಾಗ ಕೊಡದೆ ಇದ್ದರೆ ಏನಾಗುತ್ತೆ ಅನ್ನೋದನ್ನು ತಿಳಿಯಬೇಕಾದವರು ಆ ಪುಸ್ತಕ ಓದಬೇಕು. ಆ ಕಾಲೇಜಿನ ಅಧಿಕೃತ ಚರಿತ್ರೆಗಿಂತ ಅದು ನನಗೆ ಹೆಚ್ಚು ನಂಬಿಕೆಯ ದಾಖಲೆ.

ಗೆಳೆಯರೇ, ಒಬ್ಬ ಸಜ್ಜನನನ್ನು ಇಷ್ಟುದ್ದ ಎಳೆದಾಡಿದ್ದು ಯಾಕೆ ಅಂತ ಕೇಳಬಹುದು. ಸಜ್ಜನನಾದ್ದರಿಂದಲೇ. ದುರ್ಜನರ ವಿಷಯದಲ್ಲಿ ನಮಗೆ ಅನುಮಾನ ಇಲ್ಲ, ಅವರನ್ನು ಗುರುತಿಸೋದು ಸುಲಭ. ನಮಗೆ ಸೀಟು ಕೊಟ್ಟು, ಬೆನ್ನು ತಟ್ಟಿ, ಇನ್ನು ಗಲಾಟೆ ಮಾಡಬೇಡಿ ಸಂಸ್ಥೆಗೆ ಕೆಟ್ಟ ಹೆಸರು ಬರುತ್ತೆ ಅನ್ನೋ ಸಜ್ಜನರ ಎದುರು ನಮ್ಮ ನಾಲಿಗೆ ತಡವರಿಸುತ್ತದೆ. ಅವರ ಉಪಕಾರವನ್ನು ಮರೆಯಬೇಕಾಗಿಲ್ಲ. 1933ರ ಆಡಮ್ಸ್‌ಗೆ ನಮಸ್ಕಾರ ಹೇಳೋಣ. ಆದರೆ 1966ರ ಜುಲೈನ ಲೆಕ್ಕವನ್ನು ಅದರಲ್ಲಿ ವಜಾ ಮಾಡಿಕೊಳ್ಳೋದು ಬೇಡ. ಮುಂದೆ ಯಾರಾದರೂ ನಿಮಗೆ ಒಬ್ಬ ಕುಲಪತಿಯ ಸಾಧನೆಯ ಪಟ್ಟಿ ಓದಿ ಹೇಳಿದರೆ, ಪೂರ್ತಿ ಕೇಳಿಸಿಕೊಂಡು, ಪೊಲೀಸರು ಬಂದ ದಿನ ಇವರು ಏನು ಮಾಡಿದರು ಅಂತ ಒಂದು ಮಾತು ಕೇಳಿ.